ಕೂಡಿ ಕುಳಿತು ಬಿಡಿಸುವ ಭೌತಶಾಸ್ತ್ರ: ದ್ವಿತೀಯ ಪಿಯು ಪರೀಕ್ಷೆಗೆ ಮುನ್ನ ಗೆಳೆಯರು ಒಬ್ಬರಿಗೊಬ್ಬರು ನೆರವಾಗುವ ಬಗೆ

ಪ್ರಾಯೋಗಿಕ ಪರೀಕ್ಷೆಗಳ ಗಡಿಬಿಡಿ ಕಳೆದು ಕಲಬುರಗಿಯ ಬಿಸಿಲು ಏರತೊಡಗಿದ ಹೊತ್ತಿಗೆ ದ್ವಿತೀಯ ಪಿಯು ವಿಜ್ಞಾನದ ವಿದ್ಯಾರ್ಥಿಗಳ ಫೋನುಗಳಲ್ಲಿ ಭೌತಶಾಸ್ತ್ರದ ಲೆಕ್ಕಗಳ ಫೋಟೊಗಳು ಓಡಾಡಲು ಆರಂಭವಾಗುತ್ತದೆ. ಒಬ್ಬರು ಲೆಕ್ಕ ಕಳಿಸುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಹಾಳೆಯ ಫೋಟೊ ಮರಳಿ ಕಳಿಸುತ್ತಾರೆ, ಮೊದಲನೆಯವರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಹತ್ತು ದಿನ ಬಿಟ್ಟು ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಇಳಿಸಿಕೊಂಡವರ ಪೆನ್ನು ಮೊದಲು ನಿಂತ ಸಾಲಿನಲ್ಲೇ ಮತ್ತೆ ನಿಲ್ಲುತ್ತದೆ. ಹಲವು ವರ್ಷಗಳಿಂದ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಇದಕ್ಕಿಂತ ನೋವಿನ ದೃಶ್ಯ ಬೇರೊಂದಿಲ್ಲ, ಏಕೆಂದರೆ ನೆರವಾಗುವ ಮನಸ್ಸು ಅಲ್ಲಿ ಇತ್ತು, ನೆರವಾಗುವ ಕ್ರಮ ಮಾತ್ರ ಇರಲಿಲ್ಲ. ಗೆಳೆಯನ ಯೋಚನೆ ಯಾವ ಸಾಲಿನಲ್ಲಿ ನಿಂತಿತು ಎಂಬುದನ್ನು ಪತ್ತೆ ಹಚ್ಚಿ, ಆ ಒಂದು ಸಾಲನ್ನು ಮಾತ್ರ ದಾಟಿಸಿ, ಮುಂದಿನದನ್ನು ಅವನ ಕೈಗೇ ಬಿಡುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಯಾರೊಂದಿಗೆ, ಎಲ್ಲಿ, ಎಷ್ಟು ಹೊತ್ತು

ಗುಂಪಿನಲ್ಲಿ ಮೂವರು ಅಥವಾ ನಾಲ್ವರು ಸಾಕು. ಐದನೆಯವರು ಬಂದೊಡನೆ ಇಬ್ಬರು ಕೇಳುಗರಾಗಿ ಉಳಿದುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಾಲ್ವರೂ ಒಂದೇ ಮಟ್ಟದವರಾಗಿರಬೇಕಿಲ್ಲ. ಒಬ್ಬರಿಗೆ ಗಣಿತ ಸಲೀಸು, ಒಬ್ಬರಿಗೆ ಚಿತ್ರ ಸ್ಪಷ್ಟ, ಇನ್ನೊಬ್ಬರಿಗೆ ಪಠ್ಯದ ಸಾಲುಗಳು ನೆನಪಿನಲ್ಲಿ ನಿಲ್ಲುತ್ತವೆ ಎಂಬಂತಿದ್ದರೆ ಒಳ್ಳೆಯದು. ನಮ್ಮ ಕಡೆಯ ತರಗತಿಗಳಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಉರ್ದು ಮಾಧ್ಯಮದವರು, ಬೀದರ್ ಜಿಲ್ಲೆಯ ಔರಾದ, ಭಾಲ್ಕಿಯ ಕಡೆಯಿಂದ ಬಂದ ಮರಾಠಿ ಮಾಧ್ಯಮದವರು, ಇಂಗ್ಲಿಷ್ ಮಾಧ್ಯಮದವರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈ ಮಿಶ್ರಣವನ್ನು ಗುಂಪಿನೊಳಗೂ ಉಳಿಸಿಕೊಳ್ಳಿ. ಒಂದೇ ಪರಿಕಲ್ಪನೆಯನ್ನು ಎರಡು ಭಾಷೆಗಳಲ್ಲಿ ಹೇಳಬೇಕಾದಾಗ ಅದರ ಟೊಳ್ಳು ಭಾಗ ಬೇಗ ಬಯಲಾಗುತ್ತದೆ.

ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಓದು ಸಾಗುವುದು ಕಷ್ಟ, ಆದುದರಿಂದ ಬೆಳಗಿನ 6ರಿಂದ 8 ಗಂಟೆಯ ಸಮಯವನ್ನು ಹಿಡಿಯಿರಿ. ಮನೆಯ ನೆಲಕ್ಕೆ ಶಹಾಬಾದ್ ಪರಸಿ ಕಲ್ಲು ಹಾಸಿದ್ದರೆ ನಿಮಗೆ ಬೇರೆ ಕಪ್ಪುಹಲಗೆ ಬೇಕಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ನಾಲ್ವರಿಗೂ ಒಂದೇ ಚಿತ್ರ ಕಾಣುತ್ತದೆ, ಯಾರ ತಪ್ಪು ಯಾವ ಸಾಲಿನಲ್ಲಿದೆ ಎಂಬುದೂ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದಾಗ ತಪ್ಪನ್ನು ಕೈಯಿಂದ ಮುಚ್ಚಿಕೊಳ್ಳುವ ಅಭ್ಯಾಸ ಮಕ್ಕಳಿಗಿರುತ್ತದೆ; ನೆಲದ ಮೇಲೆ ಅದಕ್ಕೆ ಅವಕಾಶವಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆ ಯಾವ ಕಾರಣಕ್ಕೆ ಕಠಿಣವೆಂದು ಗುರುತಿಸುವುದು

ಬಾರದ ಪ್ರಶ್ನೆಗಳೆಲ್ಲವೂ ಒಂದೇ ಬಗೆಯವಲ್ಲ. ಗುಂಪು ಸೇರುವ ಮೊದಲೇ ಪ್ರತಿಯೊಬ್ಬರೂ ತಮಗೆ ಬಾರದ ಪ್ರಶ್ನೆಯ ಪಕ್ಕದಲ್ಲಿ ಒಂದು ಪದ ಬರೆದುಕೊಂಡು ಬರಬೇಕು: ಮರೆವು, ಅರ್ಥ, ಗಣಿತ ಅಥವಾ ಭಾಷೆ.

ಸೂತ್ರ ನೆನಪಿಲ್ಲದಿದ್ದರೆ ಅದು ಮರೆವು. ಅದಕ್ಕೆ ಗುಂಪಿನ ಸಮಯ ವ್ಯಯಿಸಬಾರದು, ಪಠ್ಯವನ್ನು ತೆರೆದು ನೋಡಿಕೊಂಡರೆ ಸಾಕು. ಗಣಿತದ ತೊಡಕಿಗೆ ಒಂದು ಉದಾಹರಣೆ ನೋಡಿ. 400 ನ್ಯಾನೊಮೀಟರ್ ತರಂಗದೂರದ ಬೆಳಕು 2.14 ಎಲೆಕ್ಟ್ರಾನ್ ವೋಲ್ಟ್ ಕಾರ್ಯಫಲನವಿರುವ (ಎಲೆಕ್ಟ್ರಾನ್ ಹೊರಬರಲು ಬೇಕಾದ ಕನಿಷ್ಠ ಶಕ್ತಿ) ಸೀಸಿಯಂ ಮೇಲೆ ಬಿದ್ದಾಗ ಹೊರಬರುವ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ ಎಷ್ಟು ಎಂಬ ಪ್ರಶ್ನೆಯಲ್ಲಿ ಅನೇಕರು ಎಲ್ಲವನ್ನೂ ಜೂಲ್‌ಗೆ ಪರಿವರ್ತಿಸಲು ಹೋಗಿ ಹತ್ತರ ಘಾತಗಳಲ್ಲಿ ಕಳೆದುಹೋಗುತ್ತಾರೆ. ನ್ಯಾನೊಮೀಟರಿನಲ್ಲಿರುವ ತರಂಗದೂರದಿಂದ 1240ನ್ನು ಭಾಗಿಸಿದರೆ ಫೋಟಾನಿನ ಶಕ್ತಿ ನೇರವಾಗಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ ಎಂದು ತಿಳಿದವರು 3.1ರಲ್ಲಿ 2.14 ಕಳೆದು 0.96 ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಇಲ್ಲಿ ಗೆಳೆಯನಿಗೆ ಬೇಕಾದದ್ದು ಐನ್‌ಸ್ಟೈನರ ಸಮೀಕರಣದ ವಿವರಣೆಯಲ್ಲ, ಏಕಮಾನದ ಒಂದು ಸೂಚನೆ ಅಷ್ಟೇ. ಆದರೆ ಉತ್ತರಪತ್ರಿಕೆಯಲ್ಲಿ ಮೂಲ ಸೂತ್ರವನ್ನು ಬರೆದ ನಂತರವೇ ಈ ಸುಲಭ ದಾರಿಯನ್ನು ಬಳಸಬೇಕು ಎಂದೂ ಅವನಿಗೆ ತಿಳಿಸಿ.

ಗುಂಪಿನ ಹೆಚ್ಚಿನ ಹೊತ್ತು ಸಲ್ಲಬೇಕಾದದ್ದು ಅರ್ಥದ ತೊಡಕಿಗೆ. ಭಾಷೆಯ ತೊಡಕನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಕೇಳುವವರು ಸಿದ್ಧರಾಗಿ ಬರುವುದು

"ಇದು ತಿಳೀವಲ್ದು" ಎಂದು ಪುಸ್ತಕ ಚಾಚುವುದು ಪ್ರಶ್ನೆಯಲ್ಲ. ಕೇಳುವವರು ಮೂರು ವಿಷಯಗಳನ್ನು ಬರೆದುಕೊಂಡಿರಬೇಕು: ಲೆಕ್ಕದಲ್ಲಿ ಕೊಟ್ಟಿರುವ ಅಳತೆಗಳು ಏಕಮಾನಗಳೊಂದಿಗೆ, ತಾವೇ ಬರೆದ ಚಿತ್ರ, ಮತ್ತು ತಾವು ಮುಟ್ಟಿದ ಕೊನೆಯ ಸಾಲು. ಆ ಸಾಲು ತಪ್ಪಾಗಿದ್ದರೂ ಇರಲಿ, ಅಳಿಸಬಾರದು. "ಇಲ್ಲಿ ತನಕ ಬಂತು, ಮುಂದ ಹ್ಯಾಂಗ?" ಎಂದು ಕೇಳಿದಾಗ ಹೇಳಿಕೊಡುವವರ ಕೆಲಸ ಅರ್ಧ ಮುಗಿದಂತೆಯೇ. ಚಿತ್ರ ಬರೆಯುವಾಗಲೇ ಸುಮಾರು ಅನುಮಾನಗಳು ತಾವಾಗಿ ಕರಗಿ, ಕೇಳುವ ಅಗತ್ಯವೇ ಬೀಳದಿರುವುದೂ ಉಂಟು.

ಮೂರನೆಯ ಹೆಜ್ಜೆ: ಹೇಳಿಕೊಡುವವರು ಉತ್ತರಕ್ಕೆ ಮೊದಲೇ ನಿಲ್ಲುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಆದ್ದರಿಂದ ಒಂದು ಲೆಕ್ಕವನ್ನು ಪೂರ್ತಿ ಹಿಡಿದು ಹೇಳುತ್ತೇನೆ. +4 ಮೈಕ್ರೊಕೂಲಂ ಮತ್ತು −1 ಮೈಕ್ರೊಕೂಲಂ ಆವೇಶಗಳು 30 ಸೆಂಟಿಮೀಟರ್ ಅಂತರದಲ್ಲಿವೆ. ವಿದ್ಯುತ್ ಕ್ಷೇತ್ರ ಎಲ್ಲಿ ಸೊನ್ನೆಯಾಗುತ್ತದೆ?

ಗೆಳತಿಯೊಬ್ಬಳು ಸೊನ್ನೆ ಬಿಂದುವನ್ನು ಎರಡು ಆವೇಶಗಳ ನಡುವೆ ಇಟ್ಟು ಲೆಕ್ಕ ಆರಂಭಿಸಿದ್ದಾಳೆ ಎಂದುಕೊಳ್ಳಿ. "ತಪ್ಪು, ಅದು ಹೊರಗಿರುತ್ತದೆ" ಎಂದುಬಿಟ್ಟರೆ ಅವಳು ಒಂದು ನಿಯಮವನ್ನು ಬಾಯಿಪಾಠ ಮಾಡುತ್ತಾಳೆ, ಮರೆಯುತ್ತಾಳೆ. ಅದರ ಬದಲು ನಡುವಿನ ಒಂದು ಬಿಂದುವಿನಲ್ಲಿ ಸಣ್ಣದೊಂದು ಧನ ಆವೇಶವನ್ನು ಇಟ್ಟು, ಅದನ್ನು ಯಾರು ಯಾವ ಕಡೆಗೆ ತಳ್ಳುತ್ತಾರೆ, ಯಾರು ಎಳೆಯುತ್ತಾರೆ ಎಂದು ಬಾಣ ಬರೆಯಲು ಹೇಳಿ. ಧನ ಆವೇಶ ತಳ್ಳುವುದೂ ಋಣ ಆವೇಶ ಎಳೆಯುವುದೂ ಒಂದೇ ದಿಕ್ಕಿಗೆ ಎಂದು ಅವಳೇ ಕಂಡುಕೊಂಡಾಗ, ನಡುವೆ ಕ್ಷೇತ್ರ ಎಂದಿಗೂ ಸೊನ್ನೆಯಾಗದು ಎಂಬ ಮಾತು ಅವಳ ಬಾಯಿಂದಲೇ ಬರುತ್ತದೆ. ಮುಂದಿನ ಪ್ರಶ್ನೆ: ಹೊರಗೆ ಎಂದರೆ ಯಾವ ಆವೇಶದ ಪಕ್ಕದಲ್ಲಿ? ದೊಡ್ಡದರ ಪಕ್ಕದಲ್ಲಿ ನಿಂತರೆ ದೊಡ್ಡದು ಹತ್ತಿರವೂ ಹೌದು, ಬಲವಾದದ್ದೂ ಹೌದು. ಅದನ್ನು ಸರಿಗಟ್ಟಲು ದೂರದ ಸಣ್ಣದಕ್ಕೆ ಆಗದು. ಆದ್ದರಿಂದ ಬಿಂದು −1ರ ಆಚೆಗೆ ಇರಲೇಬೇಕು.

ಈಗ ನೀವು ಸುಮ್ಮನಾಗಿ, ಸಮೀಕರಣ ಅವಳು ಬರೆಯಲಿ. −1ರಿಂದ ಆ ಬಿಂದುವಿನ ದೂರವನ್ನು 'ದೂ' ಎಂದು ಕರೆದರೆ 4 ÷ (30 + ದೂ)² = 1 ÷ ದೂ². ಎರಡೂ ಕಡೆ ವರ್ಗಮೂಲ ತೆಗೆದರೆ 2 × ದೂ = 30 + ದೂ, ಅಂದರೆ ದೂರ 30 ಸೆಂಟಿಮೀಟರ್. ಗಣಿತದಲ್ಲಿ ಚುರುಕಾದ ಗೆಳೆಯನೊಬ್ಬ ಇಲ್ಲಿ ವರ್ಗಮೂಲಕ್ಕೆ ಋಣ ಚಿಹ್ನೆಯೂ ಉಂಟಲ್ಲವೇ ಎಂದು ಕೇಳಬಹುದು, ಕೇಳಬೇಕು. ಆ ಚಿಹ್ನೆಯನ್ನು ತೆಗೆದುಕೊಂಡರೆ ದೂರ −10 ಎಂದು ಬರುತ್ತದೆ, ಅಂದರೆ −1ರಿಂದ ಒಳಗಡೆಗೆ 10 ಸೆಂಟಿಮೀಟರ್. ಅಲ್ಲಿ ಎರಡೂ ಕ್ಷೇತ್ರಗಳ ಪರಿಮಾಣ ಸಮವಾಗಿರುವುದು ನಿಜ, ಆದರೆ ಬಾಣಗಳು ಒಂದೇ ದಿಕ್ಕಿಗಿರುವುದರಿಂದ ಅವು ಕೂಡಿಕೊಳ್ಳುತ್ತವೆ, ಕಳೆಯುವುದಿಲ್ಲ. ಬಾಣ ಬರೆಯದೆ ಬೀಜಗಣಿತವನ್ನಷ್ಟೇ ನಂಬಿದವರು ಎರಡೂ ಉತ್ತರಗಳನ್ನು ಬರೆದು ಅಂಕ ಕಳೆದುಕೊಳ್ಳುವುದು ಈ ಜಾಗದಲ್ಲಿ.

ಲೆಕ್ಕ ಮುಗಿಯಿತೆಂದು ಎದ್ದುಬಿಡಬೇಡಿ. ಅದೇ ಅಂಕಿಗಳಲ್ಲಿ ಒಂದು ಪದ ಬದಲಿಸಿ: ಕ್ಷೇತ್ರದ ಬದಲು ವಿಭವ ಎಲ್ಲಿ ಸೊನ್ನೆ? ವಿಭವ ಅದಿಶ ಪರಿಮಾಣ, ಅದಕ್ಕೆ ಬಾಣವಿಲ್ಲ, ದೂರದ ವರ್ಗವೂ ಇಲ್ಲ. ಹಾಗಾಗಿ ನಡುವೆ −1ರಿಂದ 6 ಸೆಂಟಿಮೀಟರಿನಲ್ಲಿ ಒಂದು, ಹೊರಗೆ 10 ಸೆಂಟಿಮೀಟರಿನಲ್ಲಿ ಇನ್ನೊಂದು, ಹೀಗೆ ಆ ರೇಖೆಯ ಮೇಲೆ ಎರಡು ಬಿಂದುಗಳು ಸಿಗುತ್ತವೆ. ಕ್ಷೇತ್ರ ಸೊನ್ನೆಯಿರುವಲ್ಲಿ ವಿಭವ ಸೊನ್ನೆಯಾಗಿರಬೇಕಿಲ್ಲ, ವಿಭವ ಸೊನ್ನೆಯಿರುವಲ್ಲಿ ಕ್ಷೇತ್ರ ಸೊನ್ನೆಯಾಗಿರಬೇಕಿಲ್ಲ ಎಂಬ ಮಾತನ್ನು ಈ ಒಂದೇ ಲೆಕ್ಕ ಕಣ್ಣೆದುರು ನಿಲ್ಲಿಸುತ್ತದೆ. ಹತ್ತು ಹೊಸ ಲೆಕ್ಕ ಬಿಡಿಸುವುದಕ್ಕಿಂತ ಒಂದೇ ಲೆಕ್ಕವನ್ನು ಹೀಗೆ ತಿರುವಿ ಹಾಕುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಚಿತ ವಸ್ತುವಿನ ಹೋಲಿಕೆ ಕೊಡುವುದೂ ಹೇಳಿಕೊಡುವವರ ಕೈಯಲ್ಲಿರುವ ಒಳ್ಳೆಯ ಸಾಧನ. ಬೀದರಿನ ವಿದ್ಯಾರ್ಥಿಗಳಿಗೆ ವಿಭವಾಂತರವನ್ನು ಹೇಳುವಾಗ ನಾನು ಬಹಮನಿ ಕಾಲದ ಸುರಂಗ ಬಾವಿಯನ್ನು ನೆನಪಿಸುತ್ತೇನೆ. ನೆಲದಡಿಯ ಆ ಕಾಲುವೆಯಲ್ಲಿ ನೀರು ಹರಿಯುವುದು ಅತಿ ಸಣ್ಣ ಇಳಿಜಾರಿನ ಬಲದಿಂದ. ಒಂದು ತುದಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಎರಡು ತುದಿಗಳ ನಡುವಿನ ಎತ್ತರದ ವ್ಯತ್ಯಾಸ ಮುಖ್ಯ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು: ನೀರಿನಲ್ಲಿ ಧನ, ಋಣ ಎಂಬ ಎರಡು ಜಾತಿಗಳಿಲ್ಲ, ಮತ್ತು ಎಲೆಕ್ಟ್ರಾನುಗಳು ಕಡಿಮೆ ವಿಭವದಿಂದ ಹೆಚ್ಚಿನ ವಿಭವದ ಕಡೆಗೇ ಸಾಗುತ್ತವೆ.

ನಾಲ್ಕನೆಯ ಹೆಜ್ಜೆ: 5 ಅಂಕದ ಲೆಕ್ಕವನ್ನು ಇಬ್ಬರು ಎರಡು ದಾರಿಯಲ್ಲಿ ಬಿಡಿಸುವುದು

ಕಿರ್ಖಾಫ್ ನಿಯಮಗಳ ಲೆಕ್ಕಗಳನ್ನು ಕಂಡರೆ ನಮ್ಮ ಮಕ್ಕಳು ಹೆದರುವುದು ಚಿಹ್ನೆಗಳ ಕಾರಣಕ್ಕೆ. 12 ವೋಲ್ಟ್, ಆಂತರಿಕ ರೋಧ 2 ಓಮ್ ಇರುವ ಒಂದು ಕೋಶ; 6 ವೋಲ್ಟ್, 1 ಓಮ್ ಇರುವ ಇನ್ನೊಂದು ಕೋಶ; ಎರಡರ ಧನ ತುದಿಗಳನ್ನು ಒಂದು ಕಡೆಗೂ ಋಣ ತುದಿಗಳನ್ನು ಇನ್ನೊಂದು ಕಡೆಗೂ ಸೇರಿಸಿ, ನಡುವೆ 6 ಓಮ್ ರೋಧಕವನ್ನು ಜೋಡಿಸಿದೆ. ಪ್ರತಿ ಕೋಶದ ಪ್ರವಾಹ ಎಷ್ಟು?

ಒಬ್ಬರು ಕುಣಿಕೆಗಳ ದಾರಿ ಹಿಡಿಯಲಿ. ಕೋಶಗಳ ಪ್ರವಾಹಗಳನ್ನು ಅ ಮತ್ತು ಆ ಎಂದು ಕರೆದು, ಎರಡೂ ಧನ ತುದಿಯಿಂದ ಹೊರಬರುತ್ತವೆ ಎಂದು ಊಹಿಸಿದರೆ ರೋಧಕದಲ್ಲಿ ಹರಿಯುವುದು ಅ + ಆ. ಮೊದಲ ಕುಣಿಕೆ 12 = 8ಅ + 6ಆ ಎಂದೂ ಎರಡನೆಯದು 6 = 6ಅ + 7ಆ ಎಂದೂ ಕೊಡುತ್ತವೆ. ಬಿಡಿಸಿದರೆ ಅ 2.4 ಆಂಪಿಯರ್, ಆ −1.2 ಆಂಪಿಯರ್. ಇನ್ನೊಬ್ಬರು ಸಮಾಂತರ ಕೋಶಗಳ ಸಮಾನ ಕೋಶದ ದಾರಿ ಹಿಡಿಯಲಿ: ಸಮಾನ ವಿದ್ಯುಚ್ಚಾಲಕ ಬಲ 8 ವೋಲ್ಟ್, ಸಮಾನ ರೋಧ ಮೂರನೇ ಎರಡು ಓಮ್, ಒಟ್ಟು ಪ್ರವಾಹ 1.2 ಆಂಪಿಯರ್, ರೋಧಕದ ತುದಿಗಳ ನಡುವೆ 7.2 ವೋಲ್ಟ್. ಎರಡೂ ದಾರಿಗಳು ಒಂದೇ ಕಡೆ ಬಂದು ಸೇರಿದವು ಎಂಬುದನ್ನು ಪರಸ್ಪರ ಹಾಳೆ ನೋಡದೆ ಪರೀಕ್ಷಿಸಿಕೊಳ್ಳಿ.

ಋಣ ಚಿಹ್ನೆ ಬಂದೊಡನೆ ಲೆಕ್ಕವನ್ನು ಹೊಡೆದು ಹಾಕುವವರನ್ನು ತಡೆಯಿರಿ. ತುದಿಗಳ ನಡುವೆ 7.2 ವೋಲ್ಟ್ ಇರುವಾಗ 6 ವೋಲ್ಟಿನ ಕೋಶ ಪ್ರವಾಹವನ್ನು ಹೊರಗೆ ಕಳಿಸಲಾರದು. ಪ್ರವಾಹ ಅದರೊಳಗೆ ನುಗ್ಗುತ್ತದೆ, ಅಂದರೆ ಅದು ಚಾರ್ಜ್ ಆಗುತ್ತಿದೆ, ಕರೆಂಟ್ ಬಂದ ಮೇಲೆ ಮನೆಯ ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಂತೆ. ನಾವು ಊಹಿಸಿದ ದಿಕ್ಕು ತಪ್ಪಾಗಿತ್ತು ಎಂದು ಮಾತ್ರ ಆ ಚಿಹ್ನೆ ಹೇಳುತ್ತದೆ. ಶಕ್ತಿಯ ಲೆಕ್ಕವನ್ನೂ ಹಾಕಿ ನೋಡಿ: ದೊಡ್ಡ ಕೋಶ ಕೊಡುವ ಸಾಮರ್ಥ್ಯ 28.8 ವ್ಯಾಟ್, ಎರಡು ಆಂತರಿಕ ರೋಧಗಳಲ್ಲಿ 11.52 ಮತ್ತು 1.44, ರೋಧಕದಲ್ಲಿ 8.64, ಸಣ್ಣ ಕೋಶದಲ್ಲಿ ಶೇಖರವಾಗುವುದು 7.2; ಕೂಡಿದರೆ ಸರಿಯಾಗಿ 28.8. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೆ ತಮ್ಮ ಉತ್ತರ ಸರಿಯೆಂದು ಯಾರನ್ನೂ ಕೇಳದೆ ತಿಳಿದುಕೊಂಡ ವಿದ್ಯಾರ್ಥಿಯ ಮುಖವನ್ನು ನೋಡಬೇಕು.

ನಂತರ 6 ಓಮ್ ಬದಲಿಗೆ 2 ಓಮ್ ಹಾಕಿ. ಈಗ ತುದಿಗಳ ನಡುವೆ ಸರಿಯಾಗಿ 6 ವೋಲ್ಟ್ ಬರುತ್ತದೆ, ಸಣ್ಣ ಕೋಶದ ಪ್ರವಾಹ ಸೊನ್ನೆಯಾಗುತ್ತದೆ, 3 ಆಂಪಿಯರ್ ಪೂರ್ತಿಯಾಗಿ ದೊಡ್ಡ ಕೋಶದಿಂದಲೇ ಬರುತ್ತದೆ. ಏಕೆ ಹೀಗೆ ಎಂದು ಗುಂಪಿನಲ್ಲಿ ಅತಿ ಕಡಿಮೆ ಮಾತನಾಡುವವರು ವಿವರಿಸಲಿ.

ಐದನೆಯ ಹೆಜ್ಜೆ: ತಿಳಿದದ್ದನ್ನು ಬರೆಯುವ ಭಾಷೆಗೆ ತರುವುದು

ಕನ್ನಡದಲ್ಲಿ ಚೆನ್ನಾಗಿ ತಿಳಿದವರೂ ಇಂಗ್ಲಿಷಿನ ಪ್ರಶ್ನೆಯ ಒಂದು ಪದದಿಂದ ಸೋಲುವುದು ನಮ್ಮ ಜಿಲ್ಲೆಗಳಲ್ಲಿ ಬಹಳ. ಒಂದು ಕೆಪ್ಯಾಸಿಟರಿನ ಧಾರಕತೆ 30 ಪೈಕೋಫ್ಯಾರಡ್, ಫಲಕಗಳ ಅಂತರ 2 ಮಿಲಿಮೀಟರ್ ಎಂದಿರಲಿ. ಅಂತರವನ್ನು 'ಇನ್‌ಕ್ರೀಸ್ಡ್ ಟು 3 ಮಿಲಿಮೀಟರ್' ಎಂದರೆ ಹೊಸ ಅಂತರ 3, ಧಾರಕತೆ 20. 'ಇನ್‌ಕ್ರೀಸ್ಡ್ ಬೈ 3 ಮಿಲಿಮೀಟರ್' ಎಂದರೆ ಹೊಸ ಅಂತರ 5, ಧಾರಕತೆ 12. ಭೌತಶಾಸ್ತ್ರ ಒಂದೇ, ಎರಡಕ್ಷರದ ಪದ ಬೇರೆ. 'ನೆಗ್ಲಿಜಿಬಲ್' ಎಂದರೆ ಆ ರೋಧವನ್ನು ಸೊನ್ನೆ ಎಂದಿಟ್ಟುಕೊಳ್ಳಿ ಎಂಬ ಅಪ್ಪಣೆ, 'ರೆಸ್ಪೆಕ್ಟಿವ್ಲಿ' ಎಂದರೆ ಕೊಟ್ಟ ಅನುಕ್ರಮದಲ್ಲೇ ಎಂದರ್ಥ, 'ಅಟ್ ರೆಸ್ಟ್' ಎಂದರೆ ಆರಂಭದ ವೇಗ ಸೊನ್ನೆ. ಇಂಥ ಪದಗಳ ಒಂದು ಪಟ್ಟಿಯನ್ನು ಗುಂಪು ತಾನೇ ಬೆಳೆಸುತ್ತ ಹೋಗಲಿ.

ಕ್ರಮ ಹೀಗಿರಲಿ: ಒಬ್ಬರು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಬೇಕು, ಮತ್ತೊಬ್ಬರು ಅದನ್ನು ಪುಸ್ತಕ ನೋಡದೆ ತಮ್ಮ ಮನೆಮಾತಿನಲ್ಲಿ ಹೇಳಬೇಕು, ಚರ್ಚೆ ಕನ್ನಡದಲ್ಲಿ ನಡೆಯಬೇಕು, ಕೊನೆಯ ಉತ್ತರವನ್ನು ಮಾತ್ರ ಪ್ರತಿಯೊಬ್ಬರೂ ಪರೀಕ್ಷೆಯ ಭಾಷೆಯಲ್ಲಿ ಬರೆಯಬೇಕು. ಬರೆಯುವ ವಾಕ್ಯ ಚಿಕ್ಕದಾಗಿದ್ದರೆ ವ್ಯಾಕರಣದ ತಪ್ಪು ಕಡಿಮೆ. ಇಂಗ್ಲಿಷ್ ಮಾಧ್ಯಮದ ಗೆಳೆಯರು ಇಲ್ಲಿ ಉಚ್ಚಾರಣೆ ತಿದ್ದಲು ಹೋಗಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಮ್ಮೆ ನಗೆಪಾಟಲಾದ ಹುಡುಗಿ ಮತ್ತೆ ಬಾಯಿ ತೆರೆಯುವುದಿಲ್ಲ.

ಡೆರಿವೇಶನ್‌ಗಳು

ಇವುಗಳಿಗೆ ಹೆಚ್ಚು ಹೇಳಬೇಕಿಲ್ಲ. ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರವಾಗಲಿ, ಮಸೂರ ತಯಾರಕರ ಸೂತ್ರವಾಗಲಿ, ಪ್ರತಿ ಸಾಲನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲಸಿ, ಗೆಳೆಯರಿಂದ ಕ್ರಮವಾಗಿ ಜೋಡಿಸಿ. ಜೋಡಿಸುವವರು ಪ್ರತಿ ಚೀಟಿ ಇಡುವಾಗ ಹಿಂದಿನ ಸಾಲಿನಿಂದ ಇದು ಏಕೆ ಬಂತೆಂದು ಹೇಳಬೇಕು. ಚಿತ್ರವನ್ನು ಮೊದಲು ಬರೆಯದೆ ಚೀಟಿ ಮುಟ್ಟಲು ಬಿಡಬೇಡಿ.

ನಾಲ್ವರಿಗೂ ತಿಳಿಯದಿದ್ದಾಗ

ಹದಿನೈದು ನಿಮಿಷ ಕಳೆದರೂ ದಾರಿ ಕಾಣದಿದ್ದರೆ ಆ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಿ. ಬಹುಮತದಿಂದ ಉತ್ತರ ನಿರ್ಧರಿಸುವುದು ಅಪಾಯ. ಮೂವರು ಒಂದೇ ತಪ್ಪು ಚಿಹ್ನೆ ಬಳಸಿದರೆ ಮೂವರಿಗೂ ಒಂದೇ ತಪ್ಪು ಉತ್ತರ ಬರುತ್ತದೆ. ಮೊದಲು ಎನ್‌ಸಿಇಆರ್‌ಟಿ ಪಠ್ಯದ ಬಿಡಿಸಿದ ಉದಾಹರಣೆಗಳನ್ನು ನೋಡಿ, ಆಮೇಲೆ ಉಪನ್ಯಾಸಕರ ಬಳಿ ಹೋಗಿ. ಹೋಗುವಾಗ ನಿಮ್ಮಲ್ಲಿ ಹುಟ್ಟಿದ ಎರಡು ಭಿನ್ನ ಉತ್ತರಗಳನ್ನೂ ಜೊತೆಗೆ ಒಯ್ಯಿರಿ: "ಸರ್, ನಮಗ ಹಿಂಗೂ ಬರ್ತದ, ಹಂಗೂ ಬರ್ತದ, ಎಲ್ಲಿ ತಪ್ಪೇವಿ ಹೇಳ್ರಿ" ಎಂದು ಕೇಳುವ ಮಕ್ಕಳಿಗೆ ಹೇಳಿಕೊಡಲು ಯಾವ ಉಪನ್ಯಾಸಕರೂ ಬೇಸರಪಡುವುದಿಲ್ಲ.

ಗುರುಮಠಕಲ್, ಸುರಪುರ, ಚಿತ್ತಾಪುರದ ಹಳ್ಳಿಗಳಿಂದ ಓಡಾಡುವವರಿಗೆ ಬೆಳಿಗ್ಗೆ ಬಂದು ಕೂರಲು ಆಗುವುದಿಲ್ಲ. ಅವರು ತಮ್ಮ ಚಿತ್ರದ ಫೋಟೊ ಮತ್ತು ನಿಂತ ಸಾಲನ್ನು ಕಳಿಸಲಿ. ಮರಳಿ ಹೋಗಬೇಕಾದದ್ದು ಬಿಡಿಸಿದ ಹಾಳೆಯಲ್ಲ, ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಮುಂದಿನ ಒಂದು ಸಾಲಿನ ಸೂಚನೆ. ಬಸ್ಸಿನಲ್ಲಿ, ರೈಲಿನಲ್ಲಿ ಕುಳಿತು ಅದನ್ನು ಕೇಳಿ ಯೋಚಿಸಲು ಬೇಕಾದಷ್ಟು ಹೊತ್ತು ಇರುತ್ತದೆ.

ಹಳೆಯ ಪತ್ರಿಕೆ ಮತ್ತು ಪರಸ್ಪರ ಮೌಲ್ಯಮಾಪನ

ಪರೀಕ್ಷೆಗೆ ಎರಡು ವಾರವಿರುವಾಗ ಲಿಖಿತ ಪತ್ರಿಕೆಯ 70 ಅಂಕಗಳ ಪೂರ್ಣ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಎದುರಿಗಿಟ್ಟು ಎಲ್ಲರೂ ಒಟ್ಟಿಗೆ ಬರೆಯಿರಿ, ನಂತರ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ತಿದ್ದಿ. ಲೆಕ್ಕದ ಅಂಕಗಳು ಸೂತ್ರಕ್ಕೆ, ಬೆಲೆಗಳನ್ನು ಹಾಕಿದ್ದಕ್ಕೆ, ಏಕಮಾನ ಸಹಿತ ಉತ್ತರಕ್ಕೆ ಹಂಚಿಹೋಗುತ್ತವೆ. ಇನ್ನೊಬ್ಬರ ಹಾಳೆಯಲ್ಲಿ ಏಕಮಾನ ಬಿಟ್ಟುಹೋದದ್ದಕ್ಕೆ ಅಂಕ ಕಳೆದವರು ತಮ್ಮ ಹಾಳೆಯಲ್ಲಿ ಅದನ್ನು ಬಿಡುವುದಿಲ್ಲ. ಗೆಳೆತನಕ್ಕೆ ಅಂಕ ಕೊಡಬೇಡಿ. ಸಿಇಟಿಯ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷಗಳಷ್ಟೇ ಇರುವುದರಿಂದ ಅದಕ್ಕೆ ಬೇಕಾದ ಚುರುಕು ಬೇರೆಯೇ. ಆ ಅಭ್ಯಾಸವನ್ನು ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳುವುದು ಮೇಲು.

ಕೊನೆಯ ಎರಡು ದಿನ

ಈ ದಿನಗಳಲ್ಲಿ ಗುಂಪಿಗೆ ಹೊಸ ಲೆಕ್ಕ ಹಾಕಬಾರದು. ರಾತ್ರಿ ಹನ್ನೊಂದಕ್ಕೆ ಬರುವ ಒಂದು ಅಪರಿಚಿತ ಪ್ರಶ್ನೆ ನಾಲ್ವರ ನಿದ್ದೆ ಕೆಡಿಸುತ್ತದೆ. ಪ್ರತಿಯೊಬ್ಬರೂ ತಾವು ಹಿಂದೆ ಸೋತು ನಂತರ ಗೆದ್ದ ಐದು ಲೆಕ್ಕಗಳನ್ನು ಮಾತ್ರ ಮತ್ತೊಮ್ಮೆ, ಯಾರ ನೆರವೂ ಇಲ್ಲದೆ, ಖಾಲಿ ಹಾಳೆಯಲ್ಲಿ ಬಿಡಿಸಲಿ. ಪರೀಕ್ಷೆ ಬರೆದು ಹೊರಬಂದ ಮೇಲೆ ಗೇಟಿನ ಬಳಿ ನಿಂತು ಉತ್ತರ ತಾಳೆ ನೋಡುವುದನ್ನು ಬಿಟ್ಟು, ಪ್ರಶ್ನೆಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟು ಮನೆಗೆ ಹೋಗಿ ಊಟ ಮಾಡಿ ಮಲಗಿ. ಮುಂದಿನ ವಿಷಯದ ಪುಸ್ತಕಗಳೊಂದಿಗೆ ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ಪರಸಿಯ ಮೇಲೆ ಸೇರಿದರಾಯಿತು.